ಐತವಾರದೊಳಗ ಎರಡು ಟಯರ್

ಏನ್ರಿ,

ಕಾರ್ಖಾನ್ಯಾಗ ರಾತ್ರಿ ಪಾಳಿ ಮುಗಿಸಿ ಬಂದು ಮಲಗೀರಿ ಅಂತ ಎಬ್ಬಸಲಿಲ್ಲ. ನಾನು ನರೋಣಾ ಬಸ್ಸಿಗೆ ಹೊಂಟೇನಿ, ಸಾಲಿಗೆ ತಡ ಆಗಾಕತ್ತದ.

ನಿನ್ನೆ ಸಂಜಿಮುಂದ ಸೊನ್ನ ಬ್ಯಾರೇಜಿನ ಹತ್ರ ಕಾರು ಪಂಕ್ಚರ್ ಆತು. ಮುಂದಿನ ಎಡಗಡಿ ಟಯರ್, ಬದಿಗೇ ಹರದದ. ಸ್ಟೆಪ್ನಿಗೆ ಗಾಳಿ ಹಾಕಸ್ರಿ ಅಂತ ನಿಮಗ ಎಷ್ಟು ಸಲ ಹೇಳೀನಿ? ಪಂಕ್ಚರ್‌ನವ ಬಂದು ಅದಕ್ಕ ಗಾಳಿ ತುಂಬೂತನಕ ನಾನೂ ಅತ್ತೀನೂ ಹೊಳಿ ದಂಡಿಗೆ ಕುಂತಿದ್ವಿ. ನೀರೆಲ್ಲ ತೊಗರಿ ಹೂವಿನ ಬಣ್ಣ ಆಗಿತ್ತು. ಬೆಳ್ಳಕ್ಕಿ ಸಪ್ಪಳಿಲ್ಲದ ಹಾರಾಕತ್ತಿದ್ವು. ಟಯರ್ ಹೋಗೇದ ಅನ್ನೂದೇ ನಾ ಮರ್ತಿದ್ದೆ.

ಆಗ ಅತ್ತಿ ಮಾತಾಡಿದ್ರು ರೀ! ಮಾವನವರು ತೀರಿಕೊಂಡಾಗಿಂದ ಒಂದು ಮಾತೂ ಆಡದವರು.

"ಲಗ್ನ ಆದ ಹೊಸದಾಗ ನಿಮ್ಮ ಮಾವ ಇದೇ ಹೊಳ್ಯಾಗ ನನ್ನ ಹರಗೋಲಿನಾಗ ಕೂಡಿಸಿ ತಿರುಗಿಸಿದ್ರು. ಅಂಜಿ ಕಣ್ಣ ತೆರೀಲೇ ಇಲ್ಲ ನಾ. ಈಗ ಒಮ್ಮೆ ಹರಗೋಲಿನಾಗ ಕುಂತು ಕಣ್ಣ ತೆರದು ನೋಡಬೇಕು ಮಧೂ," ಅಂದ್ರು.

ಐತವಾರ ಹೋಗೂಣು ಅಂದೀನಿ. ಅದಕ್ಕ ಇವತ್ತೇ ಟಯರ್ ಆಗಬೇಕು. ಮುಂದಿನವು ಎರಡೂ ಸವದಾವ, ಜೋಡಿನೇ ಹಾಕಸ್ರಿ. ಸೈಜು ಹಳೇದರದೇ ಇರಲಿ. ಅಂಗಡ್ಯಾಗ ವರ್ಷಗಟ್ಟಲೆ ಬಿದ್ದದ್ದು ಬ್ಯಾಡ, ತಯಾರಾದ ವರ್ಷ ಟಯರಿನ ಮ್ಯಾಲೇ ಇರ್ತದ, ನೋಡ್ರಿ. ಸಸ್ತಾ ಅಂತ ರಬ್ಬರ್ ಹಚ್ಚಿದ ಹಳೇ ಟಯರ್ ತಂದ್ರ ನಾ ಕಾರು ಹತ್ತಂಗಿಲ್ಲ.

ಅಂಗಡಿಗೆ ಅತ್ತೀನೂ ಕರ್ಕೊಂಡು ಹೋಗ್ರಿ. ಚಪ್ಪಲಿ ಹಾಕ್ಕೊಂಡು ಹೊರಗ ಕಟ್ಟಿ ಮ್ಯಾಲ ಕುಂತಾರ. "ದೇವಾ ಎದ್ದನೇನು?" ಅಂತ ಆಗಲೇ ಎರಡು ಸಲ ಕೇಳಿದ್ರು.

ಮಧುಮತಿ