ಒಂದೇ ತಿಂಗಳಲ್ಲಿ ಹುಟ್ಟಿದವರು

ಮಿರ್ದಿಫ್, ದುಬೈ

ಪ್ರೀತಿಯ ಅಕ್ಕನಿಗೆ,

ನಾನು ಕೆಲಸಕ್ಕಿರುವ ಮನೆಯ ಸರ್ಬಿಯಾದ ಮೇಡಂ ಅವರ ಅಣ್ಣ ಊರಿನಲ್ಲಿ ತೀರಿಕೊಂಡರು. ಒಡಹುಟ್ಟಿದವರಿಬ್ಬರು ಒಂದೇ ತಿಂಗಳಲ್ಲಿ ಹುಟ್ಟಿದ್ದರೆ, ಸತ್ತವರು ಇದ್ದವರನ್ನೂ ಎಳೆಯುತ್ತಾರೆಂದು ಅವರ ಕಡೆಯ ನಂಬಿಕೆ. ಇವರಿಬ್ಬರೂ ಹಾಗೇ ಹುಟ್ಟಿದವರು. ಮೇಡಂ ತಮ್ಮ ಕಾಲಿಗೆ ಸರಪಳಿ ಸುತ್ತಿ ಬೀಗ ಹಾಕಿಕೊಂಡು ಕೂತರು. ಹೊರಗಿನವರೊಬ್ಬರು ಒಡಹುಟ್ಟಾಗಲು ಒಪ್ಪಿ ಬೀಗ ತೆಗೆದರೆ ಬಿಡುಗಡೆಯಂತೆ. ದೈವಕ್ಕೆ ಕೈಮುಗಿದು ನಾನೇ ತೆಗೆದೆ.

ನೀನೂ ನಾನೂ ಆಟಿ ತಿಂಗಳಲ್ಲೇ ಹುಟ್ಟಿದವರೆಂದು ತಿಳಿದು ಮೇಡಂ, "ನಾಳೆ ನಿನ್ನ ಅಕ್ಕನಿಗೆ ಏನಾದರೂ ಆದರೆ ನಿನ್ನ ಬೀಗ ನಾನು ತೆಗೀತೇನೆ, ಹೆದರಬೇಡ" ಎಂದರು.

"ಬೇಡ ಮೇಡಂ, ನಮ್ಮಿಬ್ಬರ ನಂಟು ಹಾಗೇ ಇರಲಿ. ನನ್ನ ಅಕ್ಕ ಇನ್ನೂ ಇದ್ದಾಳೆ" ಎಂದೆ.

ಡಯಾಲಿಸಿಸ್ ಸಾಕೆಂದು ಹಟ ಹಿಡಿದಿದ್ದೀಯಂತೆ. ಆಸ್ಪತ್ರೆಗೆ ಹೋಗು ಮಾರಾಯ್ತಿ. ನನಗೆ ರಜೆ ಸಿಗುವುದು ಆಟಿಗೇ. ಎಳೆಯುವ ಶಕ್ತಿ ಸತ್ತವರಿಗಿದ್ದರೆ ಬದುಕಿರುವ ನನಗೂ ಇರಬೇಕು. ಇಲ್ಲಿಂದಲೇ ನಿನ್ನನ್ನು ಎಳೆಯುತ್ತಿದ್ದೇನೆ.

ನಿನ್ನ ತಂಗಿ,
ಹರಿಣಾಕ್ಷಿ