ನಳ್ಳಿಗೆ ಹಾಕಿದ ಬೀಗ

ಇನ್ನಂಜೆ
ಏಪ್ರಿಲ್ 1999

ಮಾನ್ಯ ತಾರಾನಾಥ ಸರ್ ಅವರಿಗೆ ನಮಸ್ಕಾರ.

ನಿಮ್ಮ ಕೈಕೆಳಗೆ ರಾಷ್ಟ್ರಸೇವೆಯ ಕಾರ್ಯಕರ್ತೆಯಾಗಿ ಸೇರಿದಾಗಿನಿಂದ ಮಣಿಪಾಲದ ಕಟ್ಟಡ ಕಾರ್ಮಿಕರ ಶೆಡ್ಡುಗಳಲ್ಲಿ ಆರೋಗ್ಯದ ಪಾಠ ಮಾಡುತ್ತಿದ್ದೇನೆ. ಅಲ್ಲಿರುವ ಒಂದೇ ನಳ್ಳಿಗೆ ಕಂಟ್ರಾಕ್ಟರು ಹಗಲೆಲ್ಲ ಬೀಗ ಹಾಕುತ್ತಾರೆಂದು ನಿಮಗೆ ಎಷ್ಟೋ ಸಲ ಹೇಳಿದೆ. "ಪಾಠ ಮಾಡಿ ಬನ್ನಿ, ಉಳಿದದ್ದು ನಿಮಗೆ ಎಂತಕ್ಕೆ?" ಎಂದಿರಿ.

ನಿನ್ನೆ ಅಲ್ಲಿಯ ಶೆಡ್ಡಿನಲ್ಲಿರುವ ಶರಣಮ್ಮನ ಮಗುವಿಗೆ ವಾಂತಿಭೇದಿ ಆಯಿತು. ಓಆರ್‌ಎಸ್ ಪೊಟ್ಟಣ ನನ್ನ ಕೈಯಲ್ಲೇ ಇತ್ತು, ಕರಗಿಸಲು ನೀರಿರಲಿಲ್ಲ. "ಏನಾರ ಮಾಡ್ರಿ ಅಕ್ಕಾರ" ಎಂದು ಅವಳು ಅತ್ತಳು. ನಾನು ಕಲ್ಲಿನಿಂದ ಬೀಗ ಒಡೆದೆ.

ಮಗು ಈಗ ಹುಷಾರುಂಟು. ಮತ್ತೆ ಬೀಗ ಹಾಕಬಾರದೆಂದು ನೀವೇ ಕಂಟ್ರಾಕ್ಟರಿಗೆ ಹೇಳಬೇಕು. ಅವರು ದೂರು ಹಿಡಿದುಕೊಂಡು ನಿಮ್ಮಲ್ಲಿಗೆ ಬರಬಹುದು. ನನ್ನನ್ನು ಕೆಲಸದಿಂದ ತೆಗೆಯುವುದಾದರೆ ತೆಗೆಯಿರಿ. ನನ್ನ ಪರವಾಗಿ ಕ್ಷಮೆ ಮಾತ್ರ ಕೇಳಬೇಡಿ.

ಇತಿ,
ಸುಗಂಧಿ