ನನ್ನ ಅಜ್ಜಿಯ ಹಾಜರಾತಿ

ವಿಶ್ವವಿದ್ಯಾಲಯದ ಆನ್‌ಲೈನ್ ಕಲಿಕಾ ವಿಭಾಗದ ನಿರ್ದೇಶಕರಿಗೆ,

ಮಾನ್ಯರೇ,

ಇವತ್ತು ಬೆಳಿಗ್ಗೆ ನಮ್ಮ ಮನೆಯ ಬಟ್ಟೆ ಒಗೆಯುವ ಯಂತ್ರ ಕೆಲಸ ಮುಗಿಸಿ ಕೂಗಿತು. ನಾನು ಹಲ್ಲುಜ್ಜುತ್ತಿದ್ದೆ, ಕೂಡಲೇ ಹೋಗಲಿಲ್ಲ. ಅದು ಸ್ವಲ್ಪ ತಡೆದು ಮತ್ತೆ ಕೂಗಿತು. ಹೋಗುವವರೆಗೂ ಬಿಡಲಿಲ್ಲ. ತನ್ನ ಮುಂದೆ ಯಾರೂ ಕಣ್ಣರಳಿಸಿಕೊಂಡು ನಿಂತಿರುವುದಿಲ್ಲ, ಮನೆಯವರು ಬೇರೆ ಕೋಣೆಯಲ್ಲಿರಬಹುದು, ಅವರಿಗೂ ಸುದ್ದಿ ಮುಟ್ಟಬೇಕು ಎಂಬಷ್ಟು ಲೋಕಜ್ಞಾನ ಅದಕ್ಕಿದೆ. ಒದ್ದೆ ಬಟ್ಟೆಗಳನ್ನು ಬಕೆಟ್ಟಿಗೆ ಎಳೆದುಕೊಳ್ಳುವಾಗ ನನಗೆ ಆ ಬಟ್ಟೆಗಳ ಮೇಲೆಯೇ ಹೊಟ್ಟೆಕಿಚ್ಚಾಯಿತು. ಒಂದು ಜೊತೆ ಕಾಲುಚೀಲಕ್ಕೆ ಸಿಗುವ ಮರ್ಯಾದೆ ನಿಮ್ಮ ವೇದಿಕೆಯಲ್ಲಿ ನನಗೆ ಸಿಕ್ಕಿಲ್ಲ.

ವಿಷಯ ಇಷ್ಟೇ. ನಾನು ಸಾಹಿತ್ಯದಲ್ಲಿ ಪದವಿ ಮುಗಿಸಿ, ಈಗ ನಿಮ್ಮಲ್ಲಿ ಎಂ.ಎ. ಓದುತ್ತಿರುವವಳು. ಹುಟ್ಟಿನಿಂದಲೂ ನನಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ನನ್ನ ಲ್ಯಾಪ್‌ಟಾಪಿನಲ್ಲಿದೆ. ಈ ಪತ್ರವನ್ನೂ ಅದರ ನೆರವಿನಿಂದಲೇ ಬರೆಯುತ್ತಿದ್ದೇನೆ. ಈ ವರ್ಷ ಒಂದೇ ಒಂದು ತರಗತಿಯನ್ನೂ ನಾನು ತಪ್ಪಿಸಿಲ್ಲ. ಆದರೂ ನಿಮ್ಮ ವೇದಿಕೆ ನನ್ನನ್ನು ಗೈರುಹಾಜರಿ ಎಂದು ಬರೆದುಕೊಂಡಿದೆ. ಹಾಜರಾತಿ ಸಾಲದ ಕಾರಣ ಪರೀಕ್ಷೆಗೆ ಕೂರುವಂತಿಲ್ಲ ಎಂದಿದೆ. ನನ್ನ ಒಂದು ವರ್ಷ ನೀರುಪಾಲಾಗುವುದರಲ್ಲಿದೆ.

ನಿಮಗೆ ಗೊತ್ತಿರುವುದನ್ನೇ ಈ ಪತ್ರ ಓದಬಹುದಾದ ಇತರರಿಗಾಗಿ ಹೇಳುತ್ತೇನೆ. ಪಾಠ ನಡೆಯುವಾಗ ಪರದೆಯ ಬಲಮೂಲೆಯಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಪುಟ್ಟ ಪೆಟ್ಟಿಗೆ ಮೂಡುತ್ತದೆಯಂತೆ. ‘ನೀವು ಇದ್ದೀರಾ?’ ಎಂದು ಕೇಳುತ್ತದೆಯಂತೆ. ಅದು ಮಾಯವಾಗುವುದರೊಳಗೆ ಒತ್ತಿದವರು ಹಾಜರು, ಒತ್ತದವರು ಗೈರು. ವಿದ್ಯಾರ್ಥಿಗಳು ಪಾಠದ ಮೇಲೆ ಗಮನವಿಟ್ಟಿದ್ದಾರೋ ಇಲ್ಲವೋ ನೋಡಲು ಈ ಏರ್ಪಾಡು. ‘ಅಂತೆ’ ಎಂದು ಯಾಕೆ ಬರೆದೆನೆಂದರೆ, ಆ ಪೆಟ್ಟಿಗೆ ನನಗೆ ಕೇಳಿಸಿಲ್ಲ. ಅದು ಸದ್ದು ಮಾಡುವುದಿಲ್ಲ. ನನ್ನ ತಂತ್ರಾಂಶಕ್ಕೂ ತಾನು ಬಂದಿದ್ದೇನೆಂದು ಹೇಳುವುದಿಲ್ಲ. ಕೀಲಿಮಣೆಯಿಂದ ಅದನ್ನು ಮುಟ್ಟಲೂ ಆಗುವುದಿಲ್ಲ. ಕಳ್ಳಬೆಕ್ಕಿನಂತೆ ಬಂದು ಕಳ್ಳಬೆಕ್ಕಿನಂತೆ ಹೋಗುತ್ತದೆ. ‘ಇದ್ದೀರಾ?’ ಎಂದು ಪಿಸುಗುಡಲೂ ಬಾಯಿಲ್ಲದವರು, ಉತ್ತರ ಬರಲಿಲ್ಲವೆಂದು ಮನೆಯಲ್ಲಿ ಯಾರೂ ಇಲ್ಲ ಅಂತ ತೀರ್ಮಾನಿಸುವುದು ಯಾವ ಊರಿನ ನ್ಯಾಯ?

ನಿಮ್ಮ ಸಹಾಯವಾಣಿಗೆ ಬರೆದೆ. ಉತ್ತರ ಬಹಳ ಬೇಗ ಬಂತು, ಅದನ್ನು ಒಪ್ಪಿಕೊಳ್ಳಲೇಬೇಕು. ‘ಪರದೆಯ ಬಲಮೂಲೆಯಲ್ಲಿ ಕಾಣುವ ನೀಲಿ ಪೆಟ್ಟಿಗೆಯನ್ನು ಗಮನವಿಟ್ಟು ನೋಡಿ, ಒತ್ತಿರಿ.’ ಬಣ್ಣ ತಿಳಿಸಿದ್ದಕ್ಕೆ ಕೃತಜ್ಞಳಾಗಿದ್ದೇನೆ.

ಈಗ ನನ್ನ ಗೆಳತಿಯ ವಿಷಯ. ಪದವಿಯಿಂದಲೂ ನನ್ನ ಜೊತೆ ಓದಿದವಳು. ನಾವು ಅವಳನ್ನು ಸಿನಿಮಾ ಅಂತಲೇ ಕರೆಯುವುದು. ತರಗತಿ ಶುರುವಾದ ಕೂಡಲೇ ಅವಳು ಪಾಠದ ದನಿಯನ್ನು ಪೂರ್ತಿ ಬಂದ್ ಮಾಡಿ, ಪರದೆಯನ್ನು ಎರಡು ಪಾಲು ಮಾಡಿ, ಒಂದರಲ್ಲಿ ಪಾಠ, ಇನ್ನೊಂದರಲ್ಲಿ ಸಿನಿಮಾ ಹಾಕಿಕೊಳ್ಳುತ್ತಾಳೆ. ನಾಯಕ ಅಳುತ್ತಿರುವಾಗ ಪೆಟ್ಟಿಗೆ ಬಂದರೆ ಕಡೆಗಣ್ಣಲ್ಲಿ ನೋಡಿ ಒತ್ತಿಬಿಡುತ್ತಾಳೆ. ಹಾಜರಾತಿಯಲ್ಲಿ ಅವಳನ್ನು ಮೀರಿಸಿದವರಿಲ್ಲ. ನಿಮ್ಮ ವಿಭಾಗದಿಂದ ಅವಳಿಗೆ ಮೆಚ್ಚುಗೆಯ ಸಂದೇಶವೂ ಬಂದಿದೆ. ಪಾಠ ಮುಗಿದ ಮೇಲೆ ಅವಳು ಮಾಡುವ ಮೊದಲ ಕೆಲಸ ನನಗೆ ಫೋನ್ ಹಚ್ಚುವುದು.

“ಏ, ಇವತ್ತು ಮೇಡಂ ಏನು ಹೇಳಿದ್ರೇ?”

“ನೀನು ಇದ್ದೆಯಲ್ಲ.”

“ಇದ್ದೆ ಕಣೇ. ಕೇಳಲಿಲ್ಲ ಅಷ್ಟೆ. ಹೇಳೇ, ಪ್ಲೀಸ್.”

ಗೈರಾದವಳು ಹಾಜರಾದವಳಿಗೆ ಪಾಠ ಒಪ್ಪಿಸುತ್ತೇನೆ. ನಾನು ಅವಳನ್ನು ದೂರುತ್ತಿಲ್ಲ. ಅವಳ ಹೆಸರನ್ನೂ ನೀವು ಕೇಳಬೇಡಿ, ಹೇಳುವುದಿಲ್ಲ. ನನಗಿರುವುದು ಶುದ್ಧ ಹೊಟ್ಟೆಕಿಚ್ಚು. ಅವಳ ಕಣ್ಣಿನ ಮೇಲೆ ಕಿಚ್ಚು ಎಂದು ನೀವು ತಿಳಿದರೆ ಅದು ತಪ್ಪು. ಕಣ್ಣಿನ ಗೊಡವೆ ನನಗೆ ಅಭ್ಯಾಸವಾಗಿದೆ. ನನಗೆ ಕರುಬುವ ಹಾಗಾಗುವುದು ಅವಳ ಸೋಮಾರಿತನದ ಮೇಲೆ. ಅವಳು ಆಕಳಿಸಬಹುದು, ತಲೆ ಬಾಚಿಕೊಳ್ಳಬಹುದು, ಪಾಠ ಬೋರಾದರೆ ಬೋರಾಯಿತು ಎನ್ನಬಹುದು. ನಾನು ಕಿವಿಯನ್ನೆಲ್ಲ ನೆಟ್ಟು ಕೂತರೂ ಕಳ್ಳಿ. ಒಮ್ಮೆಯಾದರೂ ಅವಳ ಹಾಗೆ ನೆಮ್ಮದಿಯಾಗಿ ಕೆಟ್ಟ ವಿದ್ಯಾರ್ಥಿನಿ ಆಗಬೇಕು ಎಂದು ನನಗೆ ಬಹಳ ಆಸೆ.

ಹಾಗಾದರೆ ಮೊದಲ ತಿಂಗಳುಗಳಲ್ಲಿ ನಿಮ್ಮ ಲೆಕ್ಕದಲ್ಲಿ ನಾನು ಹಾಜರಿದ್ದುದು ಹೇಗೆ ಎಂದು ನೀವು ಕೇಳಬೇಕು. ಕೇಳಿಲ್ಲ, ಆದರೂ ಹೇಳುತ್ತೇನೆ. ಅಪ್ಪ ಲಾರಿಯ ಮೇಲೆ ಊರೂರು ತಿರುಗುವವರು. ಅಮ್ಮ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿರುವವಳು, ಬೆಳಿಗ್ಗೆಯೇ ಹೊರಟುಬಿಡುತ್ತಾಳೆ. ಮನೆಯಲ್ಲಿ ಉಳಿಯುವುದು ನಾನು ಮತ್ತು ಅಪ್ಪನ ಅಮ್ಮ, ಅಂದರೆ ನನ್ನಜ್ಜಿ. ಅಜ್ಜಿ ಹರೆಯದಲ್ಲಿ ದರ್ಜಿ ಅಂಗಡಿಯೊಂದರಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದವಳು. ಪೆಟ್ಟಿಗೆಯ ವಿಷಯ ಹೇಳಿದಾಗ, “ಊರಿಗೆಲ್ಲ ಗುಂಡಿ ಹೊಲಿದುಕೊಟ್ಟವಳು ನಾನು. ಒತ್ತೋದು ಏನು ಮಹಾ, ಬಾ” ಎಂದು ಕುರ್ಚಿ ಎಳೆದುಕೊಂಡು ಬಂದು ನನ್ನ ಪಕ್ಕ ಕೂತಳು. ಕನ್ನಡಕ ಏರಿಸಿ, ಮೌಸಿನ ಮೇಲೆ ಕೈಯಿಟ್ಟು, ಇಲಿಬೋನಿನ ಮುಂದೆ ಕೂತವರ ಹಾಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದಳು.

“ಬಂತು ಬಂತು ಬಂತು! ಹಿಡಿದೆ!”

ಆ ಕೂಗಿಗೆ ನನ್ನ ಕಿವಿಯಲ್ಲಿದ್ದ ಕವಿತೆ ಎಷ್ಟೋ ಸಲ ಅರ್ಧಕ್ಕೇ ಚೂರಾಗಿದೆ. ಹಿಡಿದ ಖುಷಿಯಲ್ಲಿ ಅಜ್ಜಿ ನನ್ನ ತೊಡೆಗೊಂದು ಬಾರಿಸುತ್ತಿದ್ದಳು. ಒಂದು ದಿನ ಕೇಳಿದೆ, “ಅಜ್ಜೀ, ಪಾಠ ಹೇಗನ್ನಿಸ್ತಿದೆ?”

“ಯಾವ ಪಾಠವೇ? ಆ ಮೂಲೆ ಬಿಟ್ಟು ನಾನು ಬೇರೆ ಕಡೆ ಮನಸ್ಸು ಹಾಕಿದ್ರೆ ತಾನೆ? ನಿಮ್ಮ ಮೇಡಂ ದನಿ ಚೆನ್ನಾಗಿದೆ, ಅಷ್ಟು ಗೊತ್ತು. ಕೂತು ಕೇಳೋಣ ಅಂತ ನನಗೂ ಆಸೆನೇ. ಓದೋ ವಯಸ್ಸಲ್ಲಿ ಸೂಜಿ ಕೊಟ್ರು. ಈಗ ಪಾಠ ಪಕ್ಕದಲ್ಲೇ ನಡೀತಿದೆ, ಈ ಹಾಳು ಪೆಟ್ಟಿಗೆ ಕಾಯೋದಾಯ್ತು. ನಿನ್ನ ಕಂಡ್ರೆ ಹೊಟ್ಟೆ ಉರಿಯುತ್ತೆ ನೋಡು, ಆರಾಮಾಗಿ ಕೇಳ್ತೀಯ.”

ನನಗೆ ನಗು ಬಂತು. ಹೊಟ್ಟೆ ಉರಿಯುತ್ತಿದ್ದುದು ನನಗೂ ತಾನೆ. ನನ್ನ ಸ್ವಂತ ತರಗತಿಯಲ್ಲಿ ‘ಇದ್ದೇನೆ’ ಎನ್ನುವ ಅಧಿಕಾರ ಅಜ್ಜಿಯ ತೋರುಬೆರಳಿಗಿತ್ತು, ನನಗಿರಲಿಲ್ಲ. ಒಂದು ದಿನ ಅವಳು ಹಾಲು ಉಕ್ಕಿತೆಂದು ಅಡುಗೆಮನೆಗೆ ಓಡಿದಾಗಲೇ ಪೆಟ್ಟಿಗೆ ಬಂದು ಹೋಗಿ, ನಾನು ಗೈರಾದೆ. “ಹಾಲು ಕಾಯಲೋ, ಇದನ್ನ ಕಾಯಲೋ” ಎಂದು ಸಂಜೆಯವರೆಗೂ ತನ್ನನ್ನು ತಾನೇ ಬೈದುಕೊಂಡಳು.

ಆಮೇಲೆ ಅತ್ತೆಯ ಮಂಡಿಯ ಆಪರೇಷನ್ ಆಯಿತು. ಮಗಳನ್ನು ನೋಡಿಕೊಳ್ಳಲು ಅಜ್ಜಿ ಹೋದಳು. ಅತ್ತೆ ಕೋಲು ಬಿಟ್ಟು ನಡೆಯುವವರೆಗೂ ಅಲ್ಲಿಯೇ ಇದ್ದಳು. ನಾನು ಒಬ್ಬಳೇ ಕೂತು ಪಾಠ ಕೇಳಿದೆ. ಆ ದಿನಗಳಲ್ಲೇ ಒಮ್ಮೆ ಮೇಡಂ ಒಂದು ಪ್ರಶ್ನೆ ಕೇಳಿದರು, ಯಾರೂ ಉಸಿರೆತ್ತಲಿಲ್ಲ. ನಾನು ನಾಲ್ಕು ಜನರೆದುರು ಬಾಯಿ ಬಿಡುವವಳಲ್ಲ. ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟರೂ ಸುಮ್ಮನೆ ಬರುವವಳು. ಆ ದಿನ ಏನಾಯಿತೋ, ಮೈಕ್ ತೆರೆದು ಉತ್ತರ ಹೇಳಿದೆ. ದನಿ ನಡುಗುತ್ತಿತ್ತು. ಮೇಡಂ, “ಇದನ್ನೇ ನಾನು ಹೇಳಬೇಕು ಅಂತಿದ್ದೆ. ಚೆನ್ನಾಗಿ ಹೇಳಿದೆಯಮ್ಮ” ಎಂದರು. ಅದು ನಿಮ್ಮ ವೇದಿಕೆಯ ಧ್ವನಿಮುದ್ರಣದಲ್ಲಿ ಈಗಲೂ ಇದೆ. ನಾನು ಆಗಾಗ ಹೋಗಿ ಕೇಳಿಬರುತ್ತೇನೆ, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಆ ದಿನವೂ ನಾನು ಗೈರು.

ಮೇಡಂಗೆ ಹೇಳಿಕೊಂಡೆ. “ನೀನು ಇದ್ದೆ ಅಂತ ನನಗೆ ಗೊತ್ತು. ಆದರೆ ಹಾಜರಾತಿ ನನ್ನ ಕೈಯಲ್ಲಿ ಬಿಟ್ಟಿಲ್ಲಮ್ಮ” ಎಂದರು. ಪಾಠ ಮಾಡುವವರ ಮಾತಿಗಿಂತ ಪೆಟ್ಟಿಗೆಯ ಮಾತೇ ದೊಡ್ಡದು. ಪೆಟ್ಟಿಗೆಯೂ ಒಂದು ಲೆಕ್ಕದಲ್ಲಿ ಸುಳ್ಳು ಹೇಳಿಲ್ಲ ಬಿಡಿ. ನಾನು ಗೈರಾದ ದಿನಗಳನ್ನು ಸಿನಿಮಾ ಒಂದೊಂದಾಗಿ ಓದಿ ಹೇಳಿದಳು. ಅಜ್ಜಿ ಅತ್ತೆಯ ಮನೆಯಲ್ಲಿದ್ದ ದಿನಗಳು, ಹಾಲು ಉಕ್ಕಿದ ದಿನ. ಒಂದೂ ತಪ್ಪಿಲ್ಲ. ಇಡೀ ವರ್ಷ ನೀವು ನನ್ನ ಅಜ್ಜಿಯ ಹಾಜರಾತಿಯನ್ನು ಚಾಚೂ ತಪ್ಪದೆ ಇಟ್ಟಿದ್ದೀರಿ. ಎಂ.ಎ. ಪದವಿಯ ಹಾದಿಯಲ್ಲಿರುವವಳು ಅವಳು. ನಾನು ಪಕ್ಕದಲ್ಲಿ ಕೂತಿದ್ದವಳು.

ಕಳೆದ ವಾರ ಅಮ್ಮ ರಜೆ ಹಾಕಿ ನನ್ನನ್ನು ನಿಮ್ಮ ಕಚೇರಿಗೆ ಕರೆತಂದಳು. ಹೊರಗಿನ ಬೆಂಚಿನ ಮೇಲೆ ನಮ್ಮಂತೆಯೇ ಕಾಯುತ್ತಿದ್ದ ವಿದ್ಯಾರ್ಥಿಯೊಬ್ಬ ತಾನಾಗಿ ಮಾತಾಡಿಸಿದ. ಅವನ ಕೈ ಸದಾ ನಡುಗುತ್ತದೆಯಂತೆ. ಬಾಣದ ಗುರುತನ್ನು ಪೆಟ್ಟಿಗೆಯ ಹತ್ತಿರ ತರುವಷ್ಟರಲ್ಲಿ ಅದು ಮಾಯ. ನಾನೂ ನನ್ನ ಅಜ್ಜಿಯ ಕಥೆ ಹೇಳಿ, “ನಿನಗೆ ಕಾಣುತ್ತಾದರೂ ಕಾಣುತ್ತಲ್ಲ” ಎಂದೆ. “ನಿನಗೆ ಅಜ್ಜಿಯಾದರೂ ಇದ್ದಾರಲ್ಲ” ಎಂದ. ಇಬ್ಬರೂ ಒಬ್ಬರ ಮೇಲೊಬ್ಬರು ಅಸೂಯೆಪಟ್ಟುಕೊಂಡು ಕೂತೆವು. ನಿಮ್ಮ ಬಾಗಿಲಲ್ಲಿ ಎಂಥ ಭಾಗ್ಯವಂತರು ಕಾಯುತ್ತಾರೆ ನೋಡಿ!

ಒಳಗೆ ನಿಮ್ಮ ಸಿಬ್ಬಂದಿ ಅಮ್ಮನನ್ನು ಕೇಳಿದರು, “ಇವರಿಗೆ ಪೂರ್ತಿ ಕಾಣಲ್ವಾ?”

“ಅವಳಿಗೆ ಕಿವಿ ಕೇಳುತ್ತೆ, ಅವಳನ್ನೇ ಕೇಳಿ” ಎಂದಳು ಅಮ್ಮ.

ಆಗ ಅವರು ದನಿ ತಗ್ಗಿಸಿ, ಅಂತಃಕರಣದಿಂದಲೇ ಹೇಳಿದರು. “ನೋಡಮ್ಮ, ದಾರಿ ಇದೆ. ಕಾಯಿಲೆಯಿಂದ ತರಗತಿಗೆ ಬರಲಾಗಲಿಲ್ಲ, ದಯವಿಟ್ಟು ಮನ್ನಿಸಿ ಅಂತ ಒಂದು ಅರ್ಜಿ ಬರೆದುಕೊಡು. ಕಣ್ಣಿನ ಸರ್ಟಿಫಿಕೇಟು ಹೇಗೂ ಇದೆ. ಸಾಹೇಬರು ಸಹಿ ಹಾಕ್ತಾರೆ, ಪರೀಕ್ಷೆ ಬರಿ.”

“ನಾನು ಬಂದಿದ್ದೆ ಸರ್.”

“ಬಂದಿರಬಹುದಮ್ಮ. ಸಿಸ್ಟಮ್‌ನಲ್ಲಿ ಬಂದಿಲ್ಲ.”

“ನನಗೆ ಕಾಯಿಲೆ ಇರಲಿಲ್ಲ ಸರ್.”

“ಅಯ್ಯೋ, ಒಂದು ಸಾಲು ಬರೆಯೋಕೆ ಇಷ್ಟು ಚರ್ಚೆ ಯಾಕೆ?”

ಆ ಅರ್ಜಿ ಕೊಡಲು ನಾಳೆಯೇ ಕಡೆಯ ದಿನ. ಒಂದು ಸಾಲು, ಒಂದು ಸಹಿ, ವರ್ಷ ಉಳಿಯುತ್ತದೆ. ಅಮ್ಮನೂ, “ಬರೆದು ಬಿಸಾಕು, ಓದು ಮುಗಿದ ಮೇಲೆ ಜಗಳ ಆಡು” ಎಂದಳು. ನಾನು ಸಾಹಿತ್ಯ ಓದಿದವಳು, ಸುಳ್ಳು ಸಾಲುಗಳನ್ನು ನಂಬಿ ಅತ್ತವಳು. ಒಂದು ಸುಳ್ಳು ಬರೆಯಲು ನನಗೇನು ಕಷ್ಟ? ಆದರೆ ಆ ಸಾಲಿನ ಕೆಳಗೆ ನನ್ನ ಸಹಿ ಬಿದ್ದರೆ, ನಡುಗುವ ದನಿಯಲ್ಲಿ ಉತ್ತರ ಹೇಳಿದವಳು ಯಾರು? ಮುಂದೆ ಇದೇ ಪೆಟ್ಟಿಗೆಯ ಮುಂದೆ ಕೂರುವ ಇನ್ನೊಬ್ಬಳಿಗೆ ನೀವು ನನ್ನ ಅರ್ಜಿಯನ್ನೇ ತೋರಿಸಿ, ‘ಹಿಂದೆಯೂ ಒಬ್ಬಳು ಹೀಗೇ ಕಾಯಿಲೆ ಬಿದ್ದಿದ್ದಳು’ ಎನ್ನುವುದಿಲ್ಲವೇ?

ಆದ್ದರಿಂದ ದಯೆ ನಿಮ್ಮಲ್ಲೇ ಇರಲಿ, ನನಗೆ ದುರಸ್ತಿ ಬೇಕು. ಆ ಪೆಟ್ಟಿಗೆ ಬಂದಾಗ ಸದ್ದಾಗಲಿ, ನನ್ನ ತಂತ್ರಾಂಶಕ್ಕೆ ಅದು ತನ್ನ ಹೆಸರು ಹೇಳಲಿ, ಒಂದು ಕೀಲಿ ಒತ್ತಿದರೆ ಸಾಕಾಗುವಂತಿರಲಿ. ಕೈ ನಡುಗುವವನು ತಲುಪುವವರೆಗೂ ಅದು ಕಾಯಲಿ. ಪಾಠದ ಟಿಪ್ಪಣಿಗಳನ್ನು ಫೋಟೋ ತೆಗೆದು ಏರಿಸುವುದನ್ನು ನಿಲ್ಲಿಸಿ. ಪುಟಪುಟಕ್ಕೂ ತಂತ್ರಾಂಶ ‘ಚಿತ್ರ, ಚಿತ್ರ’ ಎನ್ನುವುದನ್ನಷ್ಟೇ ಕೇಳಿಸಿಕೊಂಡು ಕಾವ್ಯಮೀಮಾಂಸೆ ಕಲಿಯಲು ಆಗುವುದಿಲ್ಲ. ಕಿವಿ ಕೇಳದವರಿಗೆ ಪಾಠದ ಮಾತು ಅಕ್ಷರದಲ್ಲಿ ಮೂಡಲಿ. ಇದನ್ನೆಲ್ಲ ಮಾಡುವಾಗ ನಮ್ಮಲ್ಲಿ ಒಬ್ಬರನ್ನಾದರೂ ಪಕ್ಕ ಕೂರಿಸಿಕೊಂಡು ಕೇಳಿ. ಮತ್ತು ನನ್ನ ಹಾಜರಾತಿಯನ್ನು ನಿಮ್ಮದೇ ಧ್ವನಿಮುದ್ರಣ ಕೇಳಿ, ನಮ್ಮ ಮೇಡಂ ಮಾತು ಕೇಳಿ ತಿದ್ದಿ. ಬಟ್ಟೆ ಒಗೆಯುವ ಯಂತ್ರಕ್ಕೆ ತಿಳಿದದ್ದು ವಿಶ್ವವಿದ್ಯಾಲಯಕ್ಕೆ ತಿಳಿಯದೇ ಇರಲಾರದು.

ಇನ್ನು ಸ್ವಲ್ಪ ಹೊತ್ತಿಗೆ ತರಗತಿ ಶುರುವಾಗುತ್ತದೆ. ಅಜ್ಜಿ ಅತ್ತೆಯ ಮನೆಯಿಂದ ಬಂದಿದ್ದಾಳೆ. ಪಕ್ಕದ ಕೋಣೆಯಲ್ಲಿ ಕನ್ನಡಕ ಒರೆಸಿಕೊಳ್ಳುತ್ತಿರುವುದು ಕೇಳಿಸುತ್ತಿದೆ, ಒರೆಸುವ ಮೊದಲು ಅವಳು ಗಾಜಿಗೆ ಹಾ ಎಂದು ಉಸಿರೂದುತ್ತಾಳೆ. ಅರ್ಜಿಯನ್ನು ನಾನು ಬರೆಯುತ್ತಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ. ಅಜ್ಜಿ ಬಂದು ಕೂತಾಗ ಅವಳ ಕೈಯನ್ನು ಮೌಸಿನ ಮೇಲಿಂದ ತೆಗೆದು ಮಡಿಲಲ್ಲಿಡುತ್ತೇನೆ. ಕನ್ನಡಕ ತೆಗೆದಿಡು, ಇವತ್ತು ಕಣ್ಣು ಮುಚ್ಚಿಕೊಂಡು ಪಾಠ ಕೇಳು ಎನ್ನುತ್ತೇನೆ. ಆಮೇಲೆ ಮೈಕ್ ತೆರೆದು, ಎಲ್ಲರಿಗೂ ಕೇಳುವಂತೆ ಒಂದೇ ಮಾತು ಹೇಳುತ್ತೇನೆ. ಇನ್ನು ಮುಂದೆ ಪ್ರತಿ ತರಗತಿಯಲ್ಲೂ ಹೇಳುತ್ತೇನೆ. ನಿಮ್ಮ ಪೆಟ್ಟಿಗೆ ಬಂದು ಹೋಗಲಿ.

ಇಂತಿ,
‘ಹಾಜರ್ ಮೇಡಂ’ ಎನ್ನಲು ಬೆಳಗಿನಿಂದ ಗಂಟಲು ಸರಿಮಾಡಿಕೊಳ್ಳುತ್ತಿರುವ,
ನಿಮ್ಮ ಗೈರುಹಾಜರಿ ವಿದ್ಯಾರ್ಥಿನಿ